ಮೈಯೊಳಗೆ ಮಲಗಿದ್ದ ವೈರಸ್ಸು ಮೇಲೆ ಹೋದ್ರೆ ಯಾಕೆ ಏಳ್ತದೆ? ಓದುಗರ ಪ್ರಶ್ನೆ, ಅಕ್ಕೋರ ಉತ್ತರ

ಹೋದ ಸಂಚಿಕೆಯಲ್ಲಿ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಬಗ್ಗೆ ಬರೀವಾಗ, 2025ರ ಜೂನ್ 25ಕ್ಕೆ ಹಾರೋ ಮುಂಚೆ ಅವ್ರು ಸುಮಾರು ಒಂದು ತಿಂಗಳು ಹೊರಗಿನವರ ಜೊತೆ ಬೆರೀದೆ ಕ್ವಾರಂಟೈನಲ್ಲಿದ್ರು ಅಂತ ಒಂದೇ ಒಂದು ಸಾಲು ಬರ್ದಿದ್ದೆ. ಆ ಸಾಲು ಹಿಡ್ಕೊಂಡು ಕಾರವಾರ, ಅಂಕೋಲೆ, ಹೊನ್ನಾವರದಿಂದ, ಘಟ್ಟದ ಮೇಲೆ ಶಿರಸಿಯಿಂದ ಪತ್ರ, ವಾಟ್ಸಾಪ್ ಮೆಸೇಜು ಬರ್ತಾನೇ ಇದ್ದಾವೆ. ಎಲ್ಲದಕ್ಕೂ ಇಲ್ಲಿ ಜಾಗ ಇಲ್ಲ. ಆಕಾಶಕ್ಕೆ ಹೋದವರ ರೋಗನಿರೋಧಕ ವ್ಯವಸ್ಥೆ ಮತ್ತೆ ಉರಿಯೂತದ ಬಗ್ಗೆ ಕೇಳಿದ್ದನ್ನ ಮಾತ್ರ ಈ ಸಲ ತಗೊಂಡಿದ್ದೇನೆ.

ಶಿರಸಿಯಿಂದ ಪಿಯುಸಿ ಎರಡನೇ ವರ್ಷದ ಹುಡುಗಿ: ಅಕ್ಕೋರೇ, ಮಿಲಿಟರಿಯಲ್ಲಿದ್ದ ಅಷ್ಟು ಗಟ್ಟಿಮುಟ್ಟು ಮನುಷ್ಯನನ್ನ ತಿಂಗಳುಗಟ್ಟಲೆ ಕೂಡಿ ಹಾಕೋದು ಎಂತಕ್ಕೆ? ಒಂದು ನೆಗಡಿಗೆ ಅಷ್ಟು ಹೆದರಬೇಕಾ?

ತಂಗೀ, ಅಷ್ಟು ದಿನ ಕೂಡಿ ಹಾಕೋ ಲೆಕ್ಕ ಇರ್ಲಿಲ್ಲ, ಸಾಧಾರಣ ಎರಡು ವಾರ ಅಷ್ಟೇ, ಆದ್ರೆ ಹಾರಾಟ ಮತ್ತೆ ಮತ್ತೆ ಮುಂದೆ ಹೋಗಿ ಕ್ವಾರಂಟೈನೂ ಉದ್ದ ಆಯ್ತು. ನೆಗಡಿಗೆ ಹೆದರಬೇಕಾ ಅಂದ್ರೆ, ಹೌದು, ಹೆದರಲೇಬೇಕು. 1968ರ ಅಕ್ಟೋಬರಲ್ಲಿ ಅಮೆರಿಕದ ಅಪೋಲೋ 7 ನೌಕೆ ಹೋದಾಗ ಕಮಾಂಡರ್ ವಾಲಿ ಶಿರಾಗೆ ಮೇಲೆ ಹೋದ ಮೊದಲ ದಿನವೇ ನೆಗಡಿ ಶುರು ಆಯ್ತು. ಇಲ್ಲಿ ನಮಗೆ ಮೂಗು ಸೋರ್ತದೆ, ಗಂಟಲಿಗೆ ಇಳೀತದೆ, ಒಟ್ಟಿನಲ್ಲಿ ಹೇಗೋ ಕೆಳಗೆ ಹೋಗ್ತದೆ. ಅಲ್ಲಿ ಕೆಳಗೆ ಅನ್ನೋದೇ ಇಲ್ವಲ್ಲ, ಸಿಂಬಳ ಇದ್ದಲ್ಲೇ ಕಟ್ಕೊಂಡು ಕೂರ್ತದೆ, ಸೀಂಟಿ ಸೀಂಟಿ ತೆಗೀಬೇಕು, ಕಿವಿ ನೋವು ಬೇರೆ. ವಾಪಸ್ ಇಳಿಯೋವಾಗ ಹೆಲ್ಮೆಟ್ ಹಾಕಿದ್ರೆ ಮೂಗು ಹಿಡಿದು ಕಿವಿಯ ಒತ್ತಡ ಸರಿ ಮಾಡ್ಕೊಳ್ಳೋಕೆ ಆಗಲ್ಲ ಅಂತ ಮೂರೂ ಜನ ಹೆಲ್ಮೆಟ್ಟೇ ಹಾಕ್ಕೊಳ್ಳದೆ ಇಳಿದ್ರು, ಅದು ಆಮೇಲೆ ದೊಡ್ಡ ಜಗಳ ಆಯ್ತು.

ಆಮೇಲೆ 1970ರ ಅಪೋಲೋ 13. ಬದಲಿ ತಂಡದ ಚಾರ್ಲ್ಸ್ ಡ್ಯೂಕ್‌ಗೆ ಜರ್ಮನ್ ಮೀಸಲ್ಸ್ ಬಂತು, ಅವರ ಜೊತೆ ಓಡಾಡಿದ್ದ ಕೆನ್ ಮ್ಯಾಟಿಂಗ್ಲಿಗೆ ಅದರ ವಿರುದ್ಧ ನಿರೋಧಕ ಶಕ್ತಿ ಇರ್ಲಿಲ್ಲ ಅಂತ ರಕ್ತ ಪರೀಕ್ಷೆಯಲ್ಲಿ ಗೊತ್ತಾಗಿ, ಹಾರೋಕೆ ಇನ್ನೆರಡು ಮೂರು ದಿನ ಇದೆ ಅನ್ನೋವಾಗ ಅವರನ್ನ ಕೆಳಗೆ ಬಿಟ್ರು. ಪಾಪ, ಅವರಿಗೆ ಕೊನೆಗೂ ಆ ಕಾಯಿಲೆ ಬರ್ಲೇ ಇಲ್ಲ. ಮೇಲೆ ಹೋದವರಲ್ಲಿ ಫ್ರೆಡ್ ಹೇಸ್‌ಗೆ ಮೂತ್ರದ ಸೋಂಕಾಗಿ ಜ್ವರ, ಚಳಿ ಎಲ್ಲ ಆಯ್ತು. ಒಟ್ಟು ಅಪೋಲೋದ 29 ಜನರಲ್ಲಿ 15 ಜನರಿಗೆ ಹಾರಾಟದ ಸಮಯದಲ್ಲೋ ಇಳಿದ ಒಂದು ವಾರದೊಳಗೋ ಏನಾದ್ರೂ ಒಂದು ಸೋಂಕು ಕಾಣಿಸ್ಕೊಂಡಿದೆ. ಅವರೆಲ್ಲ ಹತ್ತಾರು ಮೆಡಿಕಲ್ ಟೆಸ್ಟ್ ಪಾಸಾಗಿ ಆಯ್ಕೆಯಾದವರು ಅನ್ನೋದು ನೆನಪಿರಲಿ. ಅಪೋಲೋ 14ರಿಂದ ಹಾರೋ ಮುಂಚೆ ಮೂರು ವಾರ ಪ್ರತ್ಯೇಕ ಇರಬೇಕು ಅಂತ ನಿಯಮ ಬಂತು, ಇವತ್ತಿನ ಕ್ವಾರಂಟೈನ್ ಅದರದ್ದೇ ಮುಂದುವರಿಕೆ.

ಆದ್ರೆ ಕ್ವಾರಂಟೈನ್ ಮಾಡಿದ್ರೆ ಹೊರಗಿಂದ ಬರೋ ರೋಗಾಣು ತಡೀಬಹುದು. ಒಳಗೇ ಇರೋದನ್ನ ಎಂತ ಮಾಡೋದು? ಮುಂದಿನ ಪ್ರಶ್ನೆ ನೋಡು.

ಕಾರವಾರದಿಂದ ಒಬ್ಬ ಗೃಹಿಣಿ: ನಮ್ಮ ಅತ್ತೆಗೆ 68 ವರ್ಷ, ಹೋದ ತಿಂಗಳು ಸರ್ಪಸುತ್ತು ಆಗಿತ್ತು. ಡಾಕ್ಟರು, ಸಣ್ಣವರಿದ್ದಾಗ ಅಮ್ಮ ಆಗಿತ್ತಲ್ಲ, ಅದೇ ವೈರಸ್ಸು ಇದು ಅಂದ್ರು. ಅರವತ್ತು ವರ್ಷ ಮೈಯಲ್ಲೇ ಇರ್ತದಾ ಅದು? ಗಗನಯಾತ್ರಿಗಳಿಗೂ ಇದೇ ತೊಂದ್ರೆ ಅಂತ ಮಗ ಹೇಳ್ತಾನೆ, ನಿಜವಾ?

ನಿಮ್ಮ ಡಾಕ್ಟರೂ ಸರಿ, ಮಗನೂ ಸರಿ ಅಕ್ಕಾ. ಚಿಕನ್‌ಪಾಕ್ಸ್ ವಾಸಿ ಆಯ್ತು ಅಂತ ನಾವು ಬೇವಿನ ಸೊಪ್ಪಿನ ನೀರು ಹಾಕಿ ಮೀಸ್ತೇವಲ್ಲ, ಆಗ ವೈರಸ್ಸು ಪೂರ್ತಿ ಹೋಗಿರಲ್ಲ, ಬೆನ್ನುಹುರಿ ಹತ್ರ ನರದ ಗಂಟುಗಳಲ್ಲಿ ಹೋಗಿ ಮಲಗ್ತದೆ. ಹರ್ಪಿಸ್ ಅಂತ ಒಂದು ವೈರಸ್ ಕುಟುಂಬ ಇದೆ, ಅದರಲ್ಲಿ ಎಲ್ಲಾದ್ರದ್ದೂ ಇದೇ ಗುಣ. ಜ್ವರ ಬಂದಾಗ ತುಟಿ ಹತ್ರ ಗುಳ್ಳೆ ಏಳೋದೂ ಅದೇ ಕುಟುಂಬದ್ದು. ಹೊಡೆದು ಓಡಿಸೋಕೆ ಆಗಲ್ಲ, ಮಲಗಿದ್ದು ಏಳದ ಹಾಗೆ ನಮ್ಮ ಬಿಳಿ ರಕ್ತಕಣಗಳು, ಅದರಲ್ಲೂ ಟಿ ಕೋಶಗಳು, ಜೀವನಪೂರ್ತಿ ಕಾಯ್ತಾ ಇರ್ತಾವೆ. ವಯಸ್ಸಾಯ್ತು, ನಿದ್ದೆಗೆಟ್ಟಿತು, ಮನಸ್ಸಿಗೆ ಭಾರಿ ಚಿಂತೆ ಹತ್ತಿತು ಅಂದ್ರೆ ಕಾವಲು ಸಡಿಲ ಆಗ್ತದೆ, ಆಗ ಇದು ಏಳ್ತದೆ, ಎದ್ದು ನರದ ದಾರಿ ಹಿಡಿದು ಚರ್ಮಕ್ಕೆ ಬರ್ತದೆ. ಅದಕ್ಕೇ ಸರ್ಪಸುತ್ತು ಮೈಯ ಒಂದೇ ಬದಿಗೆ ಪಟ್ಟಿ ಹಾಗೆ ಬರೋದು. ತಲೆ ಬಾಲ ಎರಡೂ ಕೂಡಿದ್ರೆ ಜೀವಕ್ಕೆ ಅಪಾಯ ಅಂತ ನಮ್ಮ ಕಡೆ ಹೆದರಿಸ್ತಾರೆ, ಅದನ್ನ ನಂಬಬೇಡಿ, ಆ ನರ ಹೋಗೋದೇ ಅರ್ಧ ಮೈಗೆ.

ಈಗ ಗಗನಯಾತ್ರಿಗಳ ವಿಷಯ. ನಾಸಾದ ಜಾನ್ಸನ್ ಸ್ಪೇಸ್ ಸೆಂಟರಿನ ಸತೀಶ್ ಮೆಹ್ತಾ ಮತ್ತೆ ಅವರ ಜೊತೆಯವರು ವರ್ಷಗಟ್ಟಲೆ ಗಗನಯಾತ್ರಿಗಳ ಎಂಜಲು, ರಕ್ತ, ಮೂತ್ರ ಪರೀಕ್ಷೆ ಮಾಡ್ತಾ ಬಂದು 2019ರಲ್ಲಿ ಎಲ್ಲ ಒಟ್ಟು ಮಾಡಿ ಹೇಳಿದ್ರು. ಶಟಲ್ ಅನ್ನೋ ಅಮೆರಿಕದ ಬಾಹ್ಯಾಕಾಶ ನೌಕೆಯಲ್ಲಿ ಕೆಲವೇ ದಿನಕ್ಕೆ ಹೋಗಿಬಂದ 89 ಜನರಲ್ಲಿ 47 ಜನರಲ್ಲಿ, ಬಾಹ್ಯಾಕಾಶ ನಿಲ್ದಾಣದಲ್ಲಿ ತಿಂಗಳುಗಟ್ಟಲೆ ಇದ್ದ 23 ಜನರಲ್ಲಿ 14 ಜನರಲ್ಲಿ ಈ ಹರ್ಪಿಸ್ ಕುಟುಂಬದ ವೈರಸ್ಸು ಎದ್ದು ಎಂಜಲಿಗೋ ಮೂತ್ರಕ್ಕೋ ಬಂದಿತ್ತು. ಅಂದ್ರೆ ಅರ್ಧಕ್ಕಿಂತ ಜಾಸ್ತಿ. ಸಮಾಧಾನದ ವಿಷಯ ಅಂದ್ರೆ ಅಷ್ಟೂ ಜನರಲ್ಲಿ ನಿಜವಾಗಿ ಕಾಯಿಲೆ ಲಕ್ಷಣ ಕಂಡಿದ್ದು ಆರೇ ಜನಕ್ಕೆ. ಆದ್ರೆ ಚಿಂತೆ ಏನಪ್ಪಾ ಅಂದ್ರೆ ಕೆಲವರಲ್ಲಿ ಭೂಮಿಗೆ ಇಳಿದು ಒಂದು ತಿಂಗಳಾದ್ರೂ ವೈರಸ್ಸು ಬರ್ತಾನೇ ಇತ್ತು, ಮನೆಯಲ್ಲಿ ಹಸುಗೂಸು ಇದ್ರೆ, ಬಸುರಿ ಹೆಂಡತಿ ಇದ್ರೆ ಅದು ಸಣ್ಣ ವಿಷಯ ಅಲ್ಲ.

ಯಾಕೆ ಏಳ್ತದೆ ಅನ್ನೋದಕ್ಕೆ ಕಾರಣ ಒಂದೇ ಅಲ್ಲ. ನಿಲ್ದಾಣ 90 ನಿಮಿಷಕ್ಕೆ ಒಂದು ಸುತ್ತು ಹಾಕ್ತದೆ, ದಿನಕ್ಕೆ 16 ಸಲ ಸೂರ್ಯ ಹುಟ್ಟಿ ಮುಳುಗ್ತಾನೆ, ನಿದ್ದೆ ಹಾಳು. ಹಾರೋವಾಗ, ಇಳಿಯೋವಾಗ ಒತ್ತಡ, ಒಳಗೆ ಸದಾ ಮಷಿನಿನ ಸದ್ದು, ಮನೆ ಮಕ್ಕಳು ಬಿಟ್ಟು ಇರೋದು, ಇದೆಲ್ಲ ಸೇರಿ ಕಾರ್ಟಿಸಾಲ್ ಅನ್ನೋ ಹಾರ್ಮೋನು ಏರ್ತದೆ, ಅದು ಏರಿದ್ರೆ ರೋಗನಿರೋಧಕ ಕೋಶಗಳು ಮಂಕಾಗ್ತಾವೆ. ಅದರ ಮೇಲೆ ತೂಕ ಇಲ್ಲದಿರೋದೇ ಒಂದು ಕಾರಣ. ಸ್ವಿಟ್ಜರ್ಲೆಂಡಿನ ಆಗುಸ್ತೋ ಕೊಗೋಲಿ ಅನ್ನೋ ವಿಜ್ಞಾನಿ 1983ರ ಕೊನೆಗೆ ಶಟಲ್ ಒಳಗೆ ಇಡೋ ಸ್ಪೇಸ್‌ಲ್ಯಾಬ್ ಅನ್ನೋ ಪ್ರಯೋಗಾಲಯದಲ್ಲಿ ಮನುಷ್ಯರ ಲಿಂಫೋಸೈಟ್ ಅನ್ನೋ ಬಿಳಿ ರಕ್ತಕಣಗಳನ್ನ ಕಳಿಸಿ, ಮೇಲೆ ಅವಕ್ಕೆ ಕೆರಳಿಸೋ ಪದಾರ್ಥ ಹಾಕಿ ನೋಡಿದ್ರು. ನೆಲದ ಮೇಲಾದ್ರೆ ಆ ಕೋಶಗಳು ಎದ್ದು ದಬದಬ ಹೆಚ್ಚಾಗಬೇಕು. ಮೇಲಿದ್ದ ಕೋಶಗಳ ಪ್ರತಿಕ್ರಿಯೆ ನೆಲದವುಗಳ 100ಕ್ಕೆ 3ರಷ್ಟೂ ಇರ್ಲಿಲ್ಲ. ಅಲ್ಲಿ ಮನಸ್ಸಿನ ಒತ್ತಡ ಅನ್ನೋಕೆ ಮನುಷ್ಯನೇ ಇಲ್ಲ, ಬರೀ ಕೋಶ! ಎರಡು ವರ್ಷ ಬಿಟ್ಟು, ಮೇಲೆಯೇ ತಿರುಗೋ ಯಂತ್ರದಲ್ಲಿಟ್ಟು ಭೂಮಿಯಷ್ಟೇ ಸೆಳೆತ ಕೊಟ್ಟಾಗ ಕೋಶಗಳು ಮತ್ತೆ ಚುರುಕಾದ್ವು. ನನಗೆ ಈ ಪ್ರಯೋಗ ಮೊದಲ ಸಲ ಓದಿದಾಗ ಮೈ ಜುಮ್ಮೆಂದಿತ್ತು. ನಮ್ಮ ರಕ್ತದ ಒಂದು ಕಣ್ಣಿಗೆ ಕಾಣದ ಕೋಶಕ್ಕೂ ಭೂಮಿಯ ಸೆಳೆತದ ಅಭ್ಯಾಸ ಆಗಿ ಹೋಗಿದೆ ಅಂದ್ರೆ! ವೈರಸ್ ತುಂಬಿದ ಕೋಶಗಳನ್ನ ಹುಡುಕಿ ಕೊಲ್ಲೋ ಎನ್‌ಕೆ ಕೋಶ ಅಂತ ಇನ್ನೊಂದು ಪಡೆ ಇದೆ, ಅವುಗಳ ಸಾಮರ್ಥ್ಯ ಮೂರು ತಿಂಗಳು ಮೇಲಿದ್ದವರಲ್ಲಿ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿದ್ದೂ ಗೊತ್ತಾಗಿದೆ, ಮೊದಲ ಸಲ ಹೋದವರಲ್ಲಿ ಇನ್ನೂ ಜಾಸ್ತಿ.

ನಿಮ್ಮ ಅತ್ತೆಯವರ ವಿಷಯಕ್ಕೆ ಒಂದು ಮಾತು. ನನ್ನ ದೊಡ್ಡಣ್ಣನಿಗೆ ಅಡಿಕೆ ಕೊಯ್ಲು ಮುಗಿದು, ಮಗಳ ಮದುವೆ ಮುಗಿದು, ಅದರ ಮರು ವಾರವೇ ಎಡಗಡೆ ಪಕ್ಕೆಯಲ್ಲಿ ಸರ್ಪಸುತ್ತು ಎದ್ದಿತು. ಐದು ದಿನ ಕೆಮ್ಮಣ್ಣು, ಸೊಪ್ಪಿನ ರಸ ಹಚ್ಕೊಂಡು ಕೂತ್ರು. ಫೋನಲ್ಲಿ ನನಗೂ ಹೇಳಿದ್ರು, ನಾನೂ ವಾಸಿ ಆಗ್ತದೆ ಬಿಡು ಅಂದೆ. ಗುಳ್ಳೆ ಒಣಗಿತು, ಆದ್ರೆ ನರದ ನೋವು ಒಂದೂವರೆ ವರ್ಷ ಹೋಗ್ಲಿಲ್ಲ, ಅಂಗಿ ತಾಗಿದ್ರೂ ಬೆಂಕಿ ಇಟ್ಟ ಹಾಗೆ ಅಂತಿದ್ರು. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ವಿರುದ್ಧದ ಮಾತ್ರೆ ಶುರು ಮಾಡಿದ್ರೆ ಕಾಯಿಲೆ ಬೇಗ ಇಳೀತದೆ, ನನಗೆ ಅದು ಗೊತ್ತಿದ್ದೂ ನಾನು ಜೋರು ಮಾಡಿ ಹೇಳಲಿಲ್ಲ ಅನ್ನೋದು ಇವತ್ತಿಗೂ ಚುಚ್ತದೆ. ಅದಕ್ಕೇ ಓದ್ತಿರೋ ಎಲ್ಲರಿಗೂ ಹೇಳ್ತೇನೆ, ಹಚ್ಚೋದು ಹಚ್ಚಿ, ಆದ್ರೆ ಅದೇ ದಿನ ಡಾಕ್ಟರ ಹತ್ರ ಹೋಗಿ. ಹಣೆ, ಕಣ್ಣಿನ ಹತ್ರ ಎದ್ದಿದ್ರಂತೂ ಒಂದು ಗಂಟೆಯೂ ತಡ ಮಾಡಬೇಡಿ.

ಹೊನ್ನಾವರದಿಂದ ಟ್ರಾಲ್ ಬೋಟಿನ ಒಬ್ಬರು ತಾಂಡೇಲರು: ನಾವು ಎಂಟು ಜನ ಒಂದೇ ಬೋಟಲ್ಲಿ ಹತ್ತು ಹನ್ನೆರಡು ದಿನ ಸಮುದ್ರದಲ್ಲಿರೂದು. ನಿದ್ದೆ ಸರಿ ಇಲ್ಲ, ಮೀಯೂಕೆ ಸಿಹಿ ನೀರಿಲ್ಲ, ಮೈಯೆಲ್ಲ ತುರಿಕೆ, ಕೈಗೆ ಗಾಯ ಆದ್ರೆ ಬೇಗ ಮಾಗೂದಿಲ್ಲ. ನಮ್ಮದೂ ಅವರದ್ದೂ ಒಂದೇ ಕಥೆಯಾ?

ಅಣ್ಣಾ, ನಿಮ್ಮ ಪತ್ರ ಎರಡು ಸಲ ಓದಿದೆ. ಅರ್ಧ ಕಥೆ ಒಂದೇ. ಇಕ್ಕಟ್ಟು ಜಾಗ, ಅದೇ ಅದೇ ಮುಖಗಳು, ಹೊತ್ತಲ್ಲದ ಹೊತ್ತಿಗೆ ಕೆಲಸ, ಸ್ನಾನ ಇಲ್ಲ. ನಿಲ್ದಾಣದಲ್ಲೂ ಷವರ್ ಇಲ್ಲ, ಒದ್ದೆ ಬಟ್ಟೆಯಲ್ಲಿ ಮೈ ಒರೆಸ್ಕೊಳ್ಳೋದೇ ಸ್ನಾನ. ಅಲ್ಲಿರೋರು ಹೇಳೋ ತೊಂದ್ರೆಗಳಲ್ಲಿ ಚರ್ಮದ ಗಂದೆ, ತುರಿಕೆ, ಮೂಗು ಕಟ್ಟೋದು ಮುಂದೆ ಇವೆ, ಗಾಯವೂ ನಿಧಾನಕ್ಕೆ ಮಾಗ್ತದೆ.

ಬೇರೆ ಎಲ್ಲಿ ಅಂದ್ರೆ, ನಿಮ್ಮ ಸುತ್ತ ಗಾಳಿ, ಉಪ್ಪುನೀರು, ಮೀನು, ಬಂದರದ ಮಣ್ಣು ಅಂತ ಸಾವಿರ ಜಾತಿ ಸೂಕ್ಷ್ಮಜೀವಿ ಇದ್ದಾವೆ. ಅಲ್ಲಿ ಬರೀ ಮನುಷ್ಯರ ಚರ್ಮದಿಂದ ಉದುರಿದವು, ಮೇಲೆ ಸೋಂಕುನಿವಾರಕ ಒರೆಸಿ ಒರೆಸಿ ಇಟ್ಟ ಗೋಡೆ. 2025ರಲ್ಲಿ ಬಂದ ಒಂದು ಅಧ್ಯಯನದಲ್ಲಿ ನಿಲ್ದಾಣದ ಒಳಗಿಂದ ತೆಗೆದ 803 ಮಾದರಿ ಪರೀಕ್ಷೆ ಮಾಡಿದ್ರು. ಅಲ್ಲಿ ಮಣ್ಣು, ನೀರಿನಿಂದ ಬರೋ ಸೂಕ್ಷ್ಮಜೀವಿಗಳು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ, ಅತಿಯಾದ ಸ್ವಚ್ಛತೆಯೇ ಗಂದೆ ಅಲರ್ಜಿಗೆ ಒಂದು ಕಾರಣ ಇರಬಹುದು, ಒಳ್ಳೇ ಸೂಕ್ಷ್ಮಜೀವಿಗಳನ್ನ ಬೇಕಂತಲೇ ಒಳಗೆ ಬಿಟ್ರೆ ಒಳ್ಳೇದಾಗಬಹುದೇನೋ ಅಂತ ಆ ವಿಜ್ಞಾನಿಗಳು ಹೇಳ್ತಾರೆ. ಇನ್ನೊಂದು ಕಡೆ, ಅಲ್ಲಿ ಇರೋ ರೋಗಾಣುವಿನ ಸ್ವಭಾವವೂ ಬದಲಾಗ್ತದೆ. 2006ರಲ್ಲಿ ಅಟ್ಲಾಂಟಿಸ್ ಶಟಲ್‌ನಲ್ಲಿ ಸಾಲ್ಮೊನೆಲ್ಲ ಬ್ಯಾಕ್ಟೀರಿಯಾ ಬೆಳೆಸಿ ತಂದು ಇಲ್ಲಿ ಇಲಿಗಳಿಗೆ ಕೊಟ್ರೆ, ನೆಲದಲ್ಲಿ ಬೆಳೆದ ಸಾಲ್ಮೊನೆಲ್ಲಕ್ಕಿಂತ ಬೇಗ ಇಲಿಗಳು ಸತ್ವು. ಕಾವಲು ಮಂಕು, ಕಳ್ಳ ಚುರುಕು, ಎರಡೂ ಒಟ್ಟಿಗೆ.

ನಿಮ್ಮ ಕೈಗಾಯದ ವಿಷಯ ಮಾತ್ರ ಹಗುರ ಮಾಡಬೇಡಿ ಅಣ್ಣಾ. ಬೆಚ್ಚಗಿನ ಸಮುದ್ರದ ನೀರಲ್ಲಿ ಗಾಯದ ಮೂಲಕ ಒಳಗೆ ಹೋಗಿ ಒಂದೆರಡು ದಿನದಲ್ಲೇ ಕೈ ಹಾಳು ಮಾಡೋ ಬ್ಯಾಕ್ಟೀರಿಯಾ ಇದ್ದಾವೆ, ಸಕ್ಕರೆ ಕಾಯಿಲೆ ಅಥವಾ ಲಿವರ್ ತೊಂದ್ರೆ ಇದ್ದವರಿಗೆ ಜೀವಕ್ಕೇ ಅಪಾಯ. ಮೀನಿನ ಮುಳ್ಳು ಚುಚ್ಚಿದ್ರೆ ಕುಡಿಯೋ ನೀರಲ್ಲಿ ಸೋಪು ಹಾಕಿ ತೊಳೀರಿ, ಆ ನೀರು ಹಾಳಾಯ್ತು ಅಂದ್ಕೋಬೇಡಿ. ಊದಿ ಕೆಂಪು ಏರ್ತಾ ಹೋದ್ರೆ ಬೋಟು ತಿರುಗಿಸಿ ಬನ್ನಿ. ಟಿಟಿ ಇಂಜೆಕ್ಷನ್ ಎಲ್ಲರದ್ದೂ ಆಗಿದ್ಯಾ ಅಂತ ಮಳೆಗಾಲದ ರಜೆಯಲ್ಲೇ ನೋಡ್ಕೊಳ್ಳಿ.

ಕೈಗಾದ ಅಣು ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬರು: ಇದಕ್ಕೆಲ್ಲ ಮೂಲ ಕಾರಣ ವಿಕಿರಣವೇ ಅಲ್ಲವೇ?

ಸರ್, ನಿಮಗೆ ಅಂಕೆ ಹೇಳಿದ್ರೆ ಸಾಕು. ನಿಲ್ದಾಣದಲ್ಲಿ ಮೈಗೆ ತಾಗೋ ವಿಕಿರಣ ದಿನಕ್ಕೆ ಅಂದಾಜು ಅರ್ಧ ಮಿಲಿಸೀವರ್ಟ್ (ವಿಕಿರಣ ಅಳೆಯೋ ಮಾನ ಅದು), ಆರು ತಿಂಗಳಿಗೆ 90ರ ಹತ್ರ. ನಿಮಗೆ ಸರ್ವಿಸಿನಲ್ಲಿ ವರ್ಷಕ್ಕೆ ಸರಾಸರಿ 20ರ ಮಿತಿ ಇತ್ತು, ನಮಗೆಲ್ಲ ಪ್ರಕೃತಿಯಿಂದಲೇ ವರ್ಷಕ್ಕೆ 2.4ರಷ್ಟು ಬರ್ತದೆ. ಹಾಗಾಗಿ ವಿಕಿರಣ ಲೆಕ್ಕಕ್ಕೆ ಇದೆ, ಮೂಳೆಮಜ್ಜೆಯ ಕೋಶಗಳಿಗೆ ಅದು ಒಳ್ಳೇದಲ್ಲ. ಆದ್ರೆ ವೈರಸ್ ಏಳೋದು ಹತ್ತು ಹದಿನೈದು ದಿನದ ಶಟಲ್ ಹಾರಾಟದಲ್ಲೇ ಕಂಡಿದೆ, ಅಷ್ಟರಲ್ಲಿ ಒಟ್ಟಾಗೋ ವಿಕಿರಣ ತೀರಾ ಕಮ್ಮಿ. ಹಾಗಾಗಿ ನಿಲ್ದಾಣದ ಮಟ್ಟಿಗೆ ಒತ್ತಡ, ನಿದ್ದೆ, ತೂಕ ಇಲ್ಲದಿರೋದು ಇವೇ ಮುಖ್ಯ ಅಂತ ನನಗೆ ಅನಿಸ್ತದೆ. ಭೂಮಿಯ ಕಾಂತಕ್ಷೇತ್ರ ದಾಟಿ ಮಂಗಳದ ದಾರಿ ಹಿಡಿದ್ರೆ ನೀವು ಹೇಳೋದೇ ದೊಡ್ಡ ವಿಷಯ ಆಗ್ತದೆ.

ಅಂಕೋಲೆಯಿಂದ ಏಳನೇ ಕ್ಲಾಸಿನ ಹುಡುಗ: ಚಂದ್ರನಲ್ಲಿ ಧೂಳು ಇದ್ಯಲ್ಲ, ಅಲ್ಲಿ ಹೋದ್ರೆ ಸೀನು ಬರ್ತದಾ?

ಬಂದಿದೆ ಪುಟ್ಟಾ! 1972ರಲ್ಲಿ ಅಪೋಲೋ 17ರಲ್ಲಿ ಹೋಗಿದ್ದ ಹ್ಯಾರಿಸನ್ ಸ್ಮಿಟ್, ಚಂದ್ರನ ಮೇಲೆ ನಡೆದು ಒಳಗೆ ಬಂದು ಹೆಲ್ಮೆಟ್ ತೆಗೆದ ಮೇಲೆ ಮೂಗು ಕಟ್ಟಿ ಅಲರ್ಜಿ ಆದ ಹಾಗಾಯ್ತು. ಬಟ್ಟೆಗೆ ಅಂಟಿ ಬಂದ ಧೂಳು ಪಟಾಕಿ ಮದ್ದಿನ ವಾಸನೆ ಬರ್ತಿತ್ತಂತೆ. ಅಲ್ಲಿ ಗಾಳಿ ಮಳೆ ಇಲ್ಲ, ಹಾಗಾಗಿ ಧೂಳಿನ ಕಣಗಳು ಸವೆದು ನುಣ್ಣಗಾಗಿರಲ್ಲ, ಒಡೆದ ಗಾಜಿನ ಚೂರಿನ ಹಾಗೆ ಇರ್ತಾವೆ. ನಮ್ಮ ಸಮುದ್ರದ ಹೊಯಿಗೆ ಕೈಗೆ ತಗೊಂಡು ನೋಡು, ನೀರಲ್ಲಿ ಉರುಳಿ ಉರುಳಿ ಅದರ ಮೂಲೆ ಎಲ್ಲ ಸವೆದಿರ್ತದೆ.

ಶಿರಸಿ ಹತ್ತಿರದ ಹಳ್ಳಿಯಿಂದ ಒಬ್ಬ ಹಿರಿಯ ತಾಯಿ: ನಮ್ಮ ಮನೆಯಲ್ಲಿ ಜೀರಿಗೆ, ಕೊತ್ತಂಬರಿ, ಕಾಳುಮೆಣಸಿನ ಕಷಾಯ ದಿನಾ ಕುಡೀತೇವೆ. ಟಿವಿಯಲ್ಲಿ ಇಮ್ಯುನಿಟಿ ಜಾಸ್ತಿ ಮಾಡೋ ಪುಡಿ, ಮಾತ್ರೆ ಅಂತ ಬರ್ತದೆ. ಗಗನಯಾತ್ರಿಗಳಿಗೂ ಅದನ್ನೇ ಕೊಟ್ರೆ ಆಗೋದಿಲ್ವಾ?

ಅಮ್ಮಾ, ನಿಮ್ಮ ಕಷಾಯ ಬಿಡಬೇಡಿ, ಬೆಳಿಗ್ಗೆ ಅದಿಲ್ಲದೆ ನನಗೂ ಆಗೋದಿಲ್ಲ. ಆದ್ರೆ ಆ ಇಮ್ಯುನಿಟಿ ಜಾಸ್ತಿ ಅನ್ನೋ ಮಾತಿದೆಯಲ್ಲ, ಅದರ ಮೇಲೆ ನನಗೆ ಭಾರಿ ಸಿಟ್ಟಿದೆ. ಅದೇನು ಹಂಡೆಯ ನೀರಾ, ಕಮ್ಮಿ ಆದ್ರೆ ಇನ್ನೊಂದು ಕೊಡ ಸುರಿಯೋಕೆ?

ನಿಮ್ಮ ಕಡೆ ಗದ್ದೆ ಕಾಯೋಕೆ ಮಾಳ ಕಟ್ತಾರಲ್ಲ, ಅಲ್ಲಿ ಕೂತವನು ಹಂದಿ ಬಂದ ಕೂಡ್ಲೆ ಡಬ್ಬ ಬಡೀಬೇಕು, ಓಡಿ ಹೋಗಿ ಅಟ್ಟಬೇಕು, ಹಂದಿ ಹೋದ ಮೇಲೆ ಸುಮ್ಮನಾಗಬೇಕು. ಮೂರೂ ಬೇಕು. ಆ ಡಬ್ಬ ಬಡಿಯೋದೇ ಉರಿಯೂತ, ಗಾಯ ಆದಲ್ಲಿ ಕೆಂಪಾಗಿ ಊದಿ ಬಿಸಿ ಆಗೋದು ಅದೇ, ಅದು ಒಳ್ಳೇದೇ, ಆದ್ರೆ ಕೆಲಸ ಮುಗಿದ ಮೇಲೆ ನಿಲ್ಲಬೇಕು. ಬಾಹ್ಯಾಕಾಶದಲ್ಲಿ ಆಗೋ ವಿಚಿತ್ರ ಏನಂದ್ರೆ, ಕಾವಲಿನವನು ಹಂದಿ ಬಂದ ಕಡೆ ಓಡ್ತಾ ಇಲ್ಲ, ಆದ್ರೆ ರಾತ್ರಿಯಿಡೀ ಡಬ್ಬ ಬಡೀತಾನೇ ಇದ್ದಾನೆ. ಟಿ ಕೋಶ, ಎನ್‌ಕೆ ಕೋಶ ಮಂಕು, ಅದೇ ಹೊತ್ತಿಗೆ ರಕ್ತದಲ್ಲಿ ಉರಿಯೂತದ ಸಂದೇಶ ಒಯ್ಯೋ ಸೈಟೊಕೈನ್ ಅನ್ನೋ ಪದಾರ್ಥಗಳು ಸಣ್ಣಗೆ ಏರಿಯೇ ಇರ್ತಾವೆ. ಈಗ ಇಮ್ಯುನಿಟಿ ಜಾಸ್ತಿ ಮಾಡ್ತೇನೆ ಅಂದ್ರೆ ಯಾವುದನ್ನ ಜಾಸ್ತಿ ಮಾಡ್ತೀರಿ? ಡಬ್ಬ ಬಡಿಯೋದನ್ನಾ?

ಸ್ಕಾಟ್ ಕೆಲ್ಲಿ ಅಂತ ಅಮೆರಿಕದ ಗಗನಯಾತ್ರಿ 2015-16ರಲ್ಲಿ 340 ದಿನ ಮೇಲಿದ್ರು, ಅವರ ಅವಳಿ ಅಣ್ಣ ಮಾರ್ಕ್ ಕೆಳಗಿದ್ರು, ಇಬ್ಬರನ್ನೂ ಹೋಲಿಸಿ ನೋಡಿದ ಅಧ್ಯಯನ 2019ರಲ್ಲಿ ಪ್ರಕಟ ಆಯ್ತು. ಸ್ಕಾಟ್ ರಕ್ತದಲ್ಲಿ ಉರಿಯೂತದ ಗುರುತುಗಳು ಮೇಲಿದ್ದಾಗಲೇ ಏರಿದ್ವು, ಇಳಿದ ಕೂಡ್ಲೆ ಇನ್ನೂ ಜೋರಾಗಿ ಏರಿದ್ವು. ವರ್ಷಪೂರ್ತಿ ಭಾರ ಅನ್ನೋದೇ ಕಾಣದ ಮೈಗೆ ಬಟ್ಟೆ, ಕುರ್ಚಿ ತಾಗಿದಲ್ಲೆಲ್ಲ ಚರ್ಮ ಕೆಂಪಾಯ್ತು, ಕಾಲು ಊದ್ತು. ಆದ್ರೆ ಅದೇ ಮನುಷ್ಯನಿಗೆ ಮೇಲಿದ್ದಾಗಲೇ ಫ್ಲೂ ಲಸಿಕೆ ಹಾಕಿದ್ರು, ಅದಕ್ಕೆ ಮೈ ಭೂಮಿಯಲ್ಲಿ ಹೇಗೋ ಹಾಗೇ ಸ್ಪಂದಿಸಿತು. ಅಂದ್ರೆ ವ್ಯವಸ್ಥೆ ಸತ್ತಿಲ್ಲ, ಹದ ತಪ್ಪಿದೆ ಅಷ್ಟೇ. ಆರು ತಿಂಗಳಲ್ಲಿ ಹೆಚ್ಚಿನ ಬದಲಾವಣೆಗಳು ಮೊದಲಿನಂತೆ ಆದ್ವು.

ಹದಕ್ಕೆ ತರೋಕೆ ಈಗ ಅಲ್ಲಿ ಮಾಡೋದು ಎಲ್ಲ ಸಾದಾ ಕೆಲಸವೇ. ದಿನಕ್ಕೆ ಎರಡು ಗಂಟೆ ವ್ಯಾಯಾಮ, ನಿದ್ದೆಗೆ ಸರಿಯಾಗಿ ದೀಪದ ಬಣ್ಣ ಬದಲಾಯಿಸೋದು, ಒಳ್ಳೇ ಊಟ, ಆಗಾಗ ಸರಕು ನೌಕೆಯಲ್ಲಿ ತಾಜಾ ಹಣ್ಣು, ಮನೆಯವರ ಜೊತೆ ಮಾತಾಡೋ ಅವಕಾಶ. ಇವೆಲ್ಲ ಸುಧಾರಿಸಿದ ಮೇಲೆ ನಿಲ್ದಾಣದಲ್ಲಿ ವೈರಸ್ ಏಳೋದು ಮೊದಲಿಗಿಂತ ಕಮ್ಮಿ ಆಗಿದೆ. ಪುಡಿಯಿಂದಲ್ಲ ಅಮ್ಮಾ. ನಮ್ಮ ರಾಕೇಶ್ ಶರ್ಮಾ 1984ರಲ್ಲಿ ಹೋದಾಗಲೂ ಮೇಲೆ ಯೋಗ ಮಾಡಿ ನೋಡಿದ್ರು, ಅದು ಮುಖ್ಯವಾಗಿ ಸ್ನಾಯುಗಳಿಗೆ ಅಂತ, ಆದ್ರೂ ದಾರಿ ಅದೇ.

ಕುಮಟೆಯಿಂದ ಒಬ್ಬ ಅಂಗಡಿಕಾರರು: ಆರೇಳು ನೂರು ಜನ ಹೋಗಿಬಂದ ಜಾಗ ಅದು. ಅಷ್ಟು ಖರ್ಚು ಮಾಡಿ ಇದನ್ನೆಲ್ಲ ಕಂಡುಹಿಡಿದ್ರೆ ಕೆಳಗಿರೋ ನಮಗೆ ಎಂತ ಉಪಯೋಗ?

ಮೇಲೆ ಹೋದವರಲ್ಲಿ ಕೆಲವೇ ತಿಂಗಳಲ್ಲಿ ಆಗೋದು, ಇಲ್ಲಿ ನಮಗೆ ಇಪ್ಪತ್ತು ಮೂವತ್ತು ವರ್ಷದಲ್ಲಿ ನಿಧಾನಕ್ಕೆ ಆಗ್ತದೆ. ವಯಸ್ಸಾದ ಹಾಗೆ ಟಿ ಕೋಶ ಮಂಕಾಗೋದು, ಸಣ್ಣ ಉರಿಯೂತ ಸದಾ ಇರೋದು, ಮಲಗಿದ ವೈರಸ್ ಏಳೋದು, ಎಲ್ಲ ಅದೇ. ರಾತ್ರಿ ಪಾಳಿಯವರು, ಹಾಸಿಗೆ ಹಿಡಿದವರು, ಹತ್ತು ದಿನ ನಿದ್ದೆ ಇಲ್ಲದೆ ಬರೋ ನಮ್ಮ ಬೋಟಿನವರು, ಇವರಲ್ಲೂ ಇದರದ್ದೇ ಒಂದೊಂದು ತುಂಡು ಕಾಣ್ತದೆ. ಆರೋಗ್ಯವಂತ ಮನುಷ್ಯನಲ್ಲಿ ಇದು ಶುರು ಆಗೋದು, ಮತ್ತೆ ಸರಿಯಾಗೋದು, ಎರಡನ್ನೂ ಅಳೆದು ನೋಡೋ ಅವಕಾಶ ಬೇರೆ ಕಡೆ ಸುಲಭಕ್ಕೆ ಸಿಗೋದಿಲ್ಲ. ಎಂಜಲಲ್ಲಿ ವೈರಸ್ ಹುಡುಕೋ ವಿಧಾನವನ್ನೇ ನೋಡಿ, ಗಗನಯಾತ್ರಿಗಳಿಗೆ ಅಂತ ಮಾಡಿದ್ದು ಸರ್ಪಸುತ್ತಿನ ರೋಗಿಗಳಲ್ಲೂ ಪ್ರಯೋಗ ಆಗಿದೆ, ಗುಳ್ಳೆಗೆ ಸೂಜಿ ಹಾಕದೆ ಗೊತ್ತಾಗ್ತದೆ.

ಲಸಿಕೆಯ ವಿಷಯ ಮೇಲೆ ಕಾರವಾರದ ಅಕ್ಕನಿಗೆ ಹೇಳೋಕೆ ಬಿಟ್ಟುಹೋಯ್ತು, ಇಲ್ಲೇ ಹೇಳ್ತೇನೆ. ಸರ್ಪಸುತ್ತಿಗೆ ಲಸಿಕೆ ಇದೆ, 2023ರಿಂದ ನಮ್ಮ ದೇಶದಲ್ಲೂ ಸಿಗ್ತದೆ, 50 ದಾಟಿದವರಿಗೆ, ಎರಡು ಡೋಸು, ನಡುವೆ ಎರಡರಿಂದ ಆರು ತಿಂಗಳ ಅಂತರ. ದುಬಾರಿ, ಅದು ನಿಜ. ಒಮ್ಮೆ ಆದವರೂ ವಾಸಿಯಾದ ಮೇಲೆ ಹಾಕಿಸ್ಕೋಬಹುದು, ಯಾವಾಗ ಅಂತ ಅತ್ತೆಯವರನ್ನ ನೋಡ್ತಿರೋ ಡಾಕ್ಟರನ್ನೇ ಕೇಳಿ. ನಮ್ಮ ದೊಡ್ಡಣ್ಣ ಎರಡನೇ ಡೋಸಿಗೆ ಮುಂದಿನ ತಿಂಗಳು ಕುಮಟೆಗೆ ಬರ್ತಾರೆ, ಈ ಸಲ ನಾನೇ ಕರ್ಕೊಂಡು ಹೋಗ್ತೇನೆ.